‘ಫ್ರೀ’ ಒಟಿಟಿ ಆ್ಯಪ್: ಹಾಕಿಕೊಳ್ಳುವ ಮುಂಚೆ ನೋಡಬೇಕಾದ ಆರು ಸಂಗತಿ

ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದರೆ ಸಿಗುವ ತ್ಯಾವರೆಕೊಪ್ಪದ ಸಫಾರಿಗೆ ಟಿಕೆಟ್ ಇದೆ. ಹುಲಿ, ಸಿಂಹ ನೋಡೋಕೆ ನಮ್ಮ ಜೇಬಿನಿಂದ ಎಷ್ಟು ಹೋಯ್ತು ಅನ್ನೋದು ಕೌಂಟರ್‌ನಲ್ಲೇ ಗೊತ್ತಾಗುತ್ತೆ. ಮೊಬೈಲ್‌ನಲ್ಲಿ ಸಿಗುವ ‘ಉಚಿತ’ ಸಿನಿಮಾ, ಸೀರಿಯಲ್ ಆ್ಯಪ್‌ಗಳಲ್ಲಿ ಆ ಕೌಂಟರ್ ಕಾಣಿಸಲ್ಲ. ಹಾಗಂತ ಬಿಲ್ ಇಲ್ಲ ಅಂತಲ್ಲ. ಯಾವುದೇ ಉಚಿತ ಸೇವೆಯನ್ನು ಅಳೆಯಲು ಈ ಆರು ಪ್ರಶ್ನೆ ಇಟ್ಟುಕೊಳ್ಳಿ.

1. ದುಡ್ಡು ಯಾರದ್ದು?

ಉಚಿತ ಸೇವೆಗಳಲ್ಲಿ ಮೂರು ಬಗೆ. ಮೊದಲನೆಯದು ಜಾಹೀರಾತಿನದು. ಅಮೆಜಾನ್ ಎಂಎಕ್ಸ್ ಪ್ಲೇಯರ್, ಯೂಟ್ಯೂಬ್ ಇದಕ್ಕೆ ಉದಾಹರಣೆ. ಎರಡನೆಯದು ಸಾರ್ವಜನಿಕ ಹಣದ್ದು. ಪ್ರಸಾರ ಭಾರತಿ 2024ರ ನವೆಂಬರ್ 20ರಂದು ಗೋವಾ ಚಿತ್ರೋತ್ಸವದಲ್ಲಿ ಶುರು ಮಾಡಿದ ‘ವೇವ್ಸ್’ ಈ ಗುಂಪಿನದು. ಆದರೆ ಅಲ್ಲೂ ಒಂದಿಷ್ಟು ಕಾರ್ಯಕ್ರಮಗಳಿಗೆ ಚಂದಾ ಇದೆ. ಮೂರನೆಯದು ಕದ್ದ ಮಾಲು.

2. ಹಕ್ಕು ಇದೆಯಾ?

ಇವತ್ತು ಥಿಯೇಟರ್‌ಗೆ ಬಂದ ಸಿನಿಮಾ ಇವತ್ತೇ ಪುಕ್ಕಟೆ ಸಿಗ್ತಿದೆ ಅಂದ್ರೆ ಅದು ಪೈರಸಿ ಅಂತಲೇ ತಿಳಿಯಿರಿ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಪ್ರಕಾರ ಸಿನಿಮಾವನ್ನು ಕದ್ದು ಚಿತ್ರೀಕರಿಸಿ ಹಂಚುವವರಿಗೆ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ಕಂಪನಿಯ ಹೆಸರು, ವಿಳಾಸ ಇಲ್ಲದ, ಆ್ಯಪ್ ಸ್ಟೋರ್ ಹೊರಗಿನಿಂದ ಫೈಲ್ ಇಳಿಸಿಕೊಳ್ಳಿ ಅನ್ನುವ ಸೇವೆಯನ್ನು ಅಲ್ಲಿಗೇ ಬಿಡಿ.

3. ಡೇಟಾ ಎಷ್ಟು ತಿನ್ನುತ್ತೆ?

ಲೆಕ್ಕ ಸುಲಭ. ಸೆಕೆಂಡಿಗೆ 1 ಮೆಗಾಬಿಟ್ ವೇಗದ ವಿಡಿಯೋ ಗಂಟೆಗೆ 450 ಎಂಬಿ ತಿನ್ನುತ್ತೆ. ಸಾಧಾರಣ ಗುಣಮಟ್ಟಕ್ಕೆ 1.5 ಮೆಗಾಬಿಟ್ ಅಂದುಕೊಂಡರೂ ಎರಡೂವರೆ ಗಂಟೆಯ ಸಿನಿಮಾಗೆ ಸುಮಾರು 1.7 ಜಿಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರಿಗೆ ಕ್ಲೈಮ್ಯಾಕ್ಸ್ ಸಿಗಲ್ಲ! ಗುಣಮಟ್ಟ ಇಳಿಸುವ, ವೈಫೈನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳುವ ಆಯ್ಕೆ ಇದೆಯಾ ನೋಡಿ. ಸಿಗ್ನಲ್ ಬಂದು ಹೋಗುವ ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ.

4. ಏನೇನು ಕೇಳುತ್ತೆ?

ಸಿನಿಮಾ ತೋರಿಸಲು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಎಸ್‌ಎಂಎಸ್ ಬೇಕಾಗಿಲ್ಲ. ಕೇಳಿದರೆ ‘ಬೇಡ’ ಒತ್ತಿ. ಆಮೇಲೂ ಆ್ಯಪ್ ನಡೆಯುತ್ತಾ ಅನ್ನೋದೇ ಪರೀಕ್ಷೆ.

5. ಕನ್ನಡ ಎಷ್ಟಿದೆ?

‘ಕನ್ನಡ’ ಅನ್ನೋ ಬಟನ್ ಇದ್ದ ಮಾತ್ರಕ್ಕೆ ಕನ್ನಡ ಇದೆ ಅಂತಲ್ಲ. ಪಟ್ಟಿಯ ಮೊದಲ ಇಪ್ಪತ್ತು ಹೆಸರು ತೆಗೆದು, ಎಷ್ಟು ಡಬ್ಬಿಂಗ್, ಎಷ್ಟು ಮೂಲ ಕನ್ನಡ ಎಂದು ಎಣಿಸಿ. ಕನ್ನಡ ಲಿಪಿಯಲ್ಲಿ ಟೈಪಿಸಿ ಹುಡುಕಿ. ಸಬ್‌ಟೈಟಲ್ ಕನ್ನಡದಲ್ಲಿದೆಯಾ ನೋಡಿ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದ ಆಸ್ತಿ. ಇಂಥ ಹಳೆಯ ಖಜಾನೆ ಜನರ ಕೈಗೆ ಎಷ್ಟು ಸಲೀಸಾಗಿ ಸಿಗುತ್ತೆ ಅನ್ನೋದು ಸಾರ್ವಜನಿಕ ಒಟಿಟಿಯ ನಿಜವಾದ ಅಳತೆಗೋಲು.

6. ದೂರು ಕೇಳುವವರು ಇದ್ದಾರಾ?

2021ರ ಐಟಿ ನಿಯಮಗಳ ಪ್ರಕಾರ ಒಟಿಟಿಗಳು ದೂರು ಅಧಿಕಾರಿಯ ವಿವರ ಪ್ರಕಟಿಸಬೇಕು, 15 ದಿನದೊಳಗೆ ದೂರನ್ನು ತೀರ್ಮಾನಿಸಬೇಕು. ಯು, ಯು/ಎ 7+, 13+, 16+, ಎ ಎಂದು ವಯಸ್ಸಿನ ವರ್ಗೀಕರಣ ಕೊಡಬೇಕು. ಇವು ಕಾಣದಿದ್ದರೆ ಅನುಮಾನಪಡಿ.

ಇದೆಲ್ಲ ಬರೀ ಗ್ರಾಹಕರ ವಿಚಾರ ಅಲ್ಲ. ದೊಡ್ಡ ಒಟಿಟಿಗಳು ಕೊಳ್ಳದೆ ಹೋದದ್ದಕ್ಕೆ ರಕ್ಷಿತ್ ಶೆಟ್ಟಿ ತಂಡ ‘ಏಕಂ’ ಸರಣಿಯನ್ನು 2024ರ ಜುಲೈನಲ್ಲಿ ತನ್ನದೇ ವೆಬ್‌ಸೈಟ್‌ನಲ್ಲಿ ಬಿಡಬೇಕಾಯ್ತು. ಕೇರಳ ಸರ್ಕಾರ 2024ರ ಮಾರ್ಚ್ 7ರಂದು ‘ಸಿ ಸ್ಪೇಸ್’ ತೆರೆಯಿತು. ಅದು ಫ್ರೀ ಅಲ್ಲ: ಸಿನಿಮಾಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ಸಿನಿಮಾ ಕೊಟ್ಟವರಿಗೆ. ಸರಿಯಾಗಿ ಒಂದು ವರ್ಷಕ್ಕೆ, 2025ರ ಮಾರ್ಚ್ 7ರ ಬಜೆಟ್‌ನಲ್ಲಿ ಸಿದ್ದರಾಮಯ್ಯ ಅವರು ಕನ್ನಡ ಚಿತ್ರಗಳಿಗಾಗಿ ಸರ್ಕಾರಿ ಒಟಿಟಿ ಘೋಷಿಸಿದರು.

ಆ ವೇದಿಕೆಗೂ ಇದೇ ಆರು ಪ್ರಶ್ನೆ ಕೇಳಬೇಕು. ಜೊತೆಗೆ ಏಳನೆಯದೊಂದು: ಸಿನಿಮಾ ಮಾಡಿದವರಿಗೆ ಎಷ್ಟು ಸೇರುತ್ತೆ, ಯಾವ ಸಿನಿಮಾ ಬೇಕು ಬೇಡ ಅಂತ ಯಾರು ತೀರ್ಮಾನಿಸ್ತಾರೆ? ನೋಡುಗರಿಗೆ ಉಚಿತವಾದದ್ದು ಮಾಡುವವರಿಗೂ ಉಚಿತವಾಗಿಬಿಟ್ಟರೆ, ನಾಳೆ ನೋಡೋಕೆ ಕನ್ನಡದಲ್ಲಿ ಡಬ್ಬಿಂಗ್ ಮಾತ್ರ ಉಳಿಯುತ್ತೆ.