ಗೋಪುರದ ಗಂಟೆ ಮತ್ತು ಗಣಿತ

ಚರ್ಚಿನ ಗಂಟೆಯೆಂದರೆ ಪ್ರಾರ್ಥನೆಗೆ ಕರೆಯುವ ನಾದ ಎಂಬುದು ನಮ್ಮ ಸಾಮಾನ್ಯ ಕಲ್ಪನೆ. ಇಂಗ್ಲೆಂಡಿನ ಗೋಪುರಗಳಲ್ಲಿ 17ನೇ ಶತಮಾನದಿಂದ ಇನ್ನೊಂದು ಕಲೆಯೂ ಬೆಳೆದು ಬಂದಿದೆ. ಅದು ‘ಚೇಂಜ್ ರಿಂಗಿಂಗ್’. ಇದರಲ್ಲಿ ರಾಗವಿಲ್ಲ, ಇರುವುದು ಕ್ರಮಪಲ್ಲಟ ಮಾತ್ರ.

ಚಕ್ರಕ್ಕೆ ಬಿಗಿದ ಭಾರಿ ಗಂಟೆ ಹಗ್ಗದ ಪ್ರತಿ ಎಳೆತಕ್ಕೂ ಒಂದು ಸುತ್ತು ತಿರುಗಿ ಒಮ್ಮೆ ಬಾರಿಸುತ್ತದೆ. ಅದರ ಗತಿಯನ್ನು ಬೇಕೆಂದಂತೆ ಬದಲಿಸಲಾಗದು. ಆದ್ದರಿಂದ ಒಂದು ಸಾಲಿನಿಂದ ಮುಂದಿನದಕ್ಕೆ ಗಂಟೆಯೊಂದು ಹೆಚ್ಚೆಂದರೆ ಒಂದು ಸ್ಥಾನ ಸರಿಯಬಹುದು. 12345 ಎಂಬುದು 21435 ಆಗುತ್ತದೆ, ಅದು 24153 ಆಗುತ್ತದೆ. ಮೊದಲ ಸಾಲಿಗೆ ಮರಳುವ ತನಕ ಯಾವ ಸಾಲೂ ಎರಡನೆಯ ಸಲ ಬರಕೂಡದು. ಐದು ಗಂಟೆಗಳಿಗೆ 120 ಸಾಲು, ಏಳಕ್ಕೆ 5,040, ಎಂಟಕ್ಕೆ 40,320. ಛಂದಸ್ಸಿನ ಪ್ರಸ್ತಾರ ಬಲ್ಲವರಿಗೆ ಈ ಲೆಕ್ಕದ ರುಚಿ ಹೊಸದಲ್ಲ. ಇದರ ಮೊದಲ ಪುಸ್ತಕ ‘ಟಿಂಟಿನಲೋಜಿಯ’ 1668ರಲ್ಲೇ ಅಚ್ಚಾಯಿತು.

ನಿಗದಿತ ಪದ್ಧತಿಯನ್ನು ಹಾಗೆಯೇ ಬಾರಿಸಿದರೆ ಆಟ ಬೇಗ ಮುಗಿದುಬಿಡುತ್ತದೆ. ‘ಪ್ಲೇನ್ ಬಾಬ್ ಡಬಲ್ಸ್’ನಲ್ಲಿ ಐದು ಗಂಟೆಗಳು 40 ಸಾಲಿಗೇ ಆರಂಭಕ್ಕೆ ಮರಳುತ್ತವೆ. ಉಳಿದ 80 ಸಾಲುಗಳನ್ನು ತಲುಪುವುದು ಹೇಗೆ? ಅದಕ್ಕೇ ನಾಯಕನ ಕೂಗು. ಆತ ‘ಬಾಬ್’ ಎಂದಾಗ ಕೆಲವು ಗಂಟೆಗಳು ತಮ್ಮ ದಾರಿ ಬದಲಿಸುತ್ತವೆ. ಆಯ್ದ ಒಂದು ಗಂಟೆ ಕೊನೆಯ ಸ್ಥಾನದಲ್ಲಿ ಸತತ ನಾಲ್ಕು ಸಲ ಬಾರಿಸುವ ಹಂತಕ್ಕೆ ಬಂದಾಗಲೆಲ್ಲ ಒಂದರಂತೆ ಮೂರು ಬಾಬ್ ಕೂಗಿದರೆ 120 ಸಾಲುಗಳೂ ಪೂರ್ಣ. ಹೀಗೆ ಕೂಗುಗಳಿಂದ ಹೆಣೆದ ತುಣುಕಿಗೆ ‘ಟಚ್’ ಎಂದು ಹೆಸರು. ಕಲಿಯುವವರು ಸಾಮಾನ್ಯವಾಗಿ ಇಂಥ ಸುಲಭದ ಟಚ್‌ನಿಂದಲೇ ತೊಡಗುತ್ತಾರೆ. ತನ್ನ ಹಗ್ಗ ಎಳೆಯುತ್ತಲೇ ಇತರರ ಸ್ಥಾನ ಗಮನಿಸಬೇಕು. ಬದಲಾವಣೆಗೆ ತುಸು ಮುಂಚೆಯೇ ಕೂಗಬೇಕು. ಒಂದು ಕೂಗು ತಪ್ಪಿದರೆ ಸಾಲುಗಳು ಮರುಕಳಿಸಬಹುದು, ಶ್ರಮವೆಲ್ಲ ವ್ಯರ್ಥ.

ಏಳು ಗಂಟೆಗಳ ‘ಗ್ರ್ಯಾಂಡ್‌ಸೈರ್ ಟ್ರಿಪಲ್ಸ್’ ಪದ್ಧತಿಯಲ್ಲಿ 5,040 ಸಾಲುಗಳನ್ನೂ ತಪ್ಪಿಲ್ಲದೆ ಪೋಣಿಸುವುದು ಬಹುಕಾಲ ಕಗ್ಗಂಟಾಗಿತ್ತು. 1751ರಲ್ಲಿ ಜಾನ್ ಹೋಲ್ಟ್ ಅದನ್ನು ಬಿಡಿಸಿದ. ವೆಸ್ಟ್‌ಮಿನ್‌ಸ್ಟರ್‌ನ ಸೇಂಟ್ ಮಾರ್ಗರೆಟ್ ಚರ್ಚಿನಲ್ಲಿ ಆತ ಹಗ್ಗ ಹಿಡಿಯದೆ, ಹಸ್ತಪ್ರತಿ ನೋಡುತ್ತ ಕುಳಿತೇ ಕೂಗುಗಳನ್ನು ಹೇಳಿದ. ಬರಿಯ ಬಾಬ್‌ಗಳು ಸಾಲದೆ ಎರಡು ಕಡೆ ‘ಸಿಂಗಲ್’ ಎಂಬ ಇನ್ನೊಂದು ಕೂಗನ್ನು ಬಳಸಿದ್ದ. ಅದಿಲ್ಲದೆ ಆಗದೇ ಎಂದು ಹಲವರು ತಲೆ ಕೆಡಿಸಿಕೊಂಡರು. ಸಾಮಾನ್ಯ ಬಾಬ್‌ಗಳಷ್ಟರಿಂದಲೇ ಅದು ಅಸಾಧ್ಯವೆಂದು ಡಬ್ಲ್ಯು. ಎಚ್. ಥಾಂಪ್ಸನ್ ಗಣಿತದಿಂದ ಸಾಧಿಸಿ ತೋರಿಸಿದ್ದು 1886ರಲ್ಲಿ. ಗೋಪುರದ ಅನುಭವಕ್ಕೆ ಪುರಾವೆ ಸಿಗಲು 135 ವರ್ಷ ಬೇಕಾಯಿತು.

1963ರಲ್ಲಿ ಲಫ್‌ಬರೊದಲ್ಲಿ ಎಂಟು ಮಂದಿ ಎಂಟು ಗಂಟೆಗಳ 40,320 ಸಾಲುಗಳನ್ನೂ ಬಿಡುವಿಲ್ಲದೆ ಬಾರಿಸಿದರು. ಹಿಡಿದ ಸಮಯ ಸುಮಾರು 18 ತಾಸು.

ಈ ವಿದ್ಯೆ ಪುಸ್ತಕಕ್ಕಿಂತ ಹೆಚ್ಚಾಗಿ ಉಳಿದಿರುವುದು ಒಬ್ಬರು ಇನ್ನೊಬ್ಬರಿಗೆ ಕಲಿಸುವುದರಿಂದ. ಮೊದಲ ಮಹಾಯುದ್ಧದಲ್ಲಿ ಸುಮಾರು 1,400 ಗಂಟೆಗಾರರು ಮಡಿದರೆಂಬ ಲೆಕ್ಕವಿತ್ತು. ಯುದ್ಧ ಮುಗಿದು ನೂರು ವರ್ಷವಾದ 2018ರಲ್ಲಿ, ಅವರ ನೆನಪಿಗೆಂದು ಅಷ್ಟೇ ಮಂದಿ ಹೊಸಬರಿಗೆ ಹಗ್ಗ ಹಿಡಿಯಲು ಕಲಿಸುವ ಅಭಿಯಾನ ನಡೆಯಿತು. ಕಲ್ಲಿನ ಸ್ಮಾರಕಕ್ಕಿಂತ ಗೋಪುರಕ್ಕೆ ಬೇಕಾದದ್ದು ಹಗ್ಗ ಹಿಡಿಯುವ ಕೈಗಳೇ.