ಐಗಳ ಮಠದ ನಾಲ್ಕು ಸಾಲುಗಳು

ಮೂರನೆಯ, ನಾಲ್ಕನೆಯ ತರಗತಿಗೆ ಬಂದರೂ ಒತ್ತಕ್ಷರ ಎದುರಾದೊಡನೆ ತಡವರಿಸುವ ಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥವರಿಗೆ ಪ್ರತ್ಯೇಕ ನೆರವು ಬೇಕೆಂಬುದು ಇತ್ತೀಚಿನ ವಿಚಾರವೆಂದೇ ನಾವು ಭಾವಿಸಿದ್ದೇವೆ. ನಮ್ಮ ನೆಲದ ಹಳೆಯ ದಾಖಲೆಯೊಂದು ಬೇರೆಯ ಮಾತನ್ನೇ ಹೇಳುತ್ತದೆ.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ, ಜಿಲ್ಲೆ ಜಿಲ್ಲೆಯ ದೇಶೀ ಶಾಲೆಗಳ ವಿವರ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದನು. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಗಳೆಲ್ಲ ಆಗ ಬಳ್ಳಾರಿ ಜಿಲ್ಲೆಯವೇ. ಅವನು ಎಣಿಸಿದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಒಟ್ಟು ವಿದ್ಯಾರ್ಥಿಗಳು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಆ ಶಾಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿದ್ದವು. ಮಗು ಮೇಲಿನ ಸಾಲಿಗೆ ಏರುತ್ತಿದ್ದುದು ವಯಸ್ಸಿನಿಂದಲ್ಲ, ಕಲಿತದ್ದರಿಂದ. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಕೈ ಕುದುರಿದ ಮೇಲೆ ಕಾಗದ, ಓಲೆಗರಿ, ಇಲ್ಲವೇ ಇದ್ದಿಲು ಮತ್ತು ಅಂಟು ಬಳಿದು ಮಡಿಸಿದ ಬಟ್ಟೆಯ ಕಡತ. ಕೆಳಗಿನ ಸಾಲಿನವರಿಗೆ ಹಿರಿಯ ವಿದ್ಯಾರ್ಥಿಗಳು ಹೇಳಿಕೊಡುತ್ತಿದ್ದರು. ಐಗಳ ಕಣ್ಣು ಎಲ್ಲರ ಮೇಲೂ ಇರುತ್ತಿತ್ತು. ಕಲಿಸುವ ಹುಡುಗನ ಕಲಿಕೆಯೂ ಇದರಿಂದ ಗಟ್ಟಿಯಾಗುತ್ತದೆಂದು ಕ್ಯಾಂಬೆಲ್ ಮೆಚ್ಚಿ ಬರೆದಿದ್ದಾನೆ. ಮದರಾಸಿನ ಅನಾಥಾಲಯದಲ್ಲಿ ಮರಳಿನ ಬರಹವನ್ನೂ ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ ಕ್ರಮವನ್ನೂ ಅಳವಡಿಸಿದ್ದ ಆಂಡ್ರ್ಯೂ ಬೆಲ್, 1797ರಲ್ಲಿ ಆ ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನೇ ಪ್ರಕಟಿಸಿದ್ದನು. ಅದು ಇಂಗ್ಲೆಂಡಿನಲ್ಲಿ 'ಮದರಾಸು ಪದ್ಧತಿ' ಎನಿಸಿತು.

ಆದರೆ ಹಿಂದಿನದನ್ನೆಲ್ಲ ಹೊಗಳುವುದು ಇತಿಹಾಸವಲ್ಲ. ಮೈಗಳ್ಳರೆನಿಸಿದ ಹುಡುಗರಿಗೆ ಏಟು ಬೀಳುತ್ತಿತ್ತು, ಬಸ್ಕಿ ಹೊಡೆಸುತ್ತಿದ್ದರು, ಕೈ ಕಟ್ಟಿ ಮಾಡಿಗೆ ತೂಗುಹಾಕುವುದೂ ಇತ್ತು. ಪದ್ಯಗಳು ಬಾಯಿಪಾಠವಾಗುತ್ತಿದ್ದವು, ಅರ್ಥ ತಿಳಿಯುತ್ತಿರಲಿಲ್ಲ. ಅಂದಿನ ಐಗಳು ಮಗುವಿನ ಮಟ್ಟವನ್ನು ಗುರುತಿಸಿದರು. ಅದರ ಕಷ್ಟವನ್ನು ಮಾತ್ರ ಸೋಮಾರಿತನವೆಂದು ಬಗೆದರು.

ಮುಂದೆ ವರ್ಷಕ್ಕೊಂದು ತರಗತಿ, ತರಗತಿಗೊಂದು ಪುಸ್ತಕ ಎಂಬ ಕ್ರಮ ನೆಲೆಗೊಂಡಿತು. ಅಕ್ಷರ ಕೂಡದ ಮಗುವೂ ವಯಸ್ಸಿನೊಡನೆ ಮುಂದಿನ ಬೆಂಚಿಗೆ ಸರಿಯಿತು. ಓದು ಹಿಂದೆಯೇ ಉಳಿಯಿತು. ಈ ಕೊರತೆಯನ್ನು ನೀಗಲು 'ಪ್ರಥಮ್' ಸಂಸ್ಥೆ ಮುಂಬಯಿ ಮತ್ತು ವಡೋದರಾಗಳಲ್ಲಿ 'ಬಾಲಸಖಿ' ಕಾರ್ಯಕ್ರಮ ನಡೆಸಿತು. ಅದೇ ಬಡಾವಣೆಯ ಓದಿದ ತರುಣಿಯೊಬ್ಬಳು, ಮೂರು-ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆಯಾಗಿ ಕೂರಿಸಿಕೊಂಡು ಓದು-ಲೆಕ್ಕಗಳ ಬುನಾದಿ ಕಲಿಸುವಳು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಸಂಗಡಿಗರೊಡನೆ ಇದನ್ನು ಪರೀಕ್ಷಿಸಿ, ಅದರ ಲಾಭ ಹೆಚ್ಚಾಗಿ ಹಿಂದುಳಿದ ಮಕ್ಕಳಿಗೇ ದೊರೆತುದನ್ನು 2007ರಲ್ಲಿ ಪ್ರಕಟಿಸಿದರು. ಮಗು ನಿಂತಲ್ಲಿಂದಲೇ ಪಾಠ ತೊಡಗಬೇಕೆಂಬ ಐಗಳ ಮಠದ ತಿಳಿವು, ಬೆತ್ತವನ್ನು ಬಿಟ್ಟು ಮರಳಿ ಬಂದಂತಾಯಿತು.

1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. 1956ರಲ್ಲಿ ಸಂವಿಧಾನಕ್ಕೆ ಬಂದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ವಿಧಿಸಿದೆ. ಶಾಲೆಯನ್ನು ಕೇಳಲು ಈ ವಿಧಿಯ ಬಲ ನಮಗಿದೆ. ಆದರೆ ಶಾಲೆಯೊಳಗೆ ಕುಳಿತೂ ಓದಲಾರದ ಮಗುವಿನ ಪಾಲಿಗೆ ಆ ಹಕ್ಕು ಬರಿಯ ಕಾಗದ. ಗಡಿಯಲ್ಲಿ ಅಂಥ ಮಗು ಸೋತರೆ ತಂದೆತಾಯಿಗಳು ಮಗುವಿನ ಕಷ್ಟವನ್ನು ಕನ್ನಡದ ಕಷ್ಟವೆಂದು ತಿಳಿದು ಮಾಧ್ಯಮವನ್ನೇ ಬದಲಿಸುತ್ತಾರೆ. ಹಾಗೆ ಹೋದ ಮಗು ಕನ್ನಡಕ್ಕೆ ಮರಳುವುದು ವಿರಳ.

ಆದುದರಿಂದ ಸಂಘದ ಮನೆಮನೆಗಳಲ್ಲಿರುವ ನಿವೃತ್ತ ಶಿಕ್ಷಕರು, ಕಾಲೇಜು ಓದುವ ಮಕ್ಕಳು ಸಂಜೆಗೊಂದು ಗಂಟೆ ನಾಲ್ಕೈದು ಮಕ್ಕಳೊಡನೆ ಕೂರಲಿ. ಮರಳು ಹರಡುವ ಜಗಲಿ ಇಂದು ಇಲ್ಲದಿರಬಹುದು. ಹಿರಿಯನು ಕಿರಿಯನಿಗೆ ಹೇಳಿಕೊಡುವ ರೂಢಿಯನ್ನು ನಾವು ಉಳಿಸಿಕೊಳ್ಳಬಲ್ಲೆವು.