50 ಡಾಲರಿನ ಮಾತು

1922ರ ಆಗಸ್ಟ್ 28ರ ಸಂಜೆ ಐದು ಗಂಟೆ ದಾಟಿತ್ತು. ನ್ಯೂಯಾರ್ಕಿನ ಡಬ್ಲ್ಯೂಇಎಎಫ್ ರೇಡಿಯೊ ಕೇಂದ್ರದಲ್ಲಿ ಬ್ಲ್ಯಾಕ್‌ವೆಲ್ ಎಂಬುವವರು ಮೈಕಿನ ಮುಂದೆ ಬಂದು ಮಾತು ಶುರುಮಾಡಿದರು. ಮೊದಲು ಬಂದದ್ದು ಸಾಹಿತ್ಯದ ವಿಷಯ. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ತೀರಿಕೊಂಡು 58 ವರ್ಷಗಳಾದವು ಎಂದು ನೆನಪಿಸಿ, ಅವರ ಗೌರವಾರ್ಥ ಹೊಸ ವಸತಿ ಸಮುಚ್ಚಯವೊಂದಕ್ಕೆ 'ಹಾಥಾರ್ನ್ ಕೋರ್ಟ್' ಎಂದು ಹೆಸರಿಟ್ಟಿರುವುದಾಗಿ ಹೇಳಿದರು. ಆಮೇಲೆ ಮಾತು ನಿಧಾನವಾಗಿ ಕೇಳುಗರ ಮನೆಯೊಳಕ್ಕೆ ಬಂತು. ಇಟ್ಟಿಗೆಯ ರಾಶಿಗಳ ನಡುವೆ, ಬಿಸಿಲು ಸರಿಯಾಗಿ ಇಣುಕದ ಕೋಣೆಗಳಲ್ಲಿ ಎಷ್ಟು ದಿನ ಇರುತ್ತೀರಿ? ಮಕ್ಕಳಿಗೆ ಆಡಲು, ಮಣ್ಣು ಅಗೆಯಲು, ಗಿಡ ನೆಡಲು ಜಾಗ ಬೇಡವೇ? ಮನೆಮಂದಿಯ ಸುಖಕ್ಕಾಗಿಯಾದರೂ ಆಚೆ ಬನ್ನಿ ಎಂಬುದು ಅವರ ಮಾತಿನ ಸಾರ.

ಬ್ಲ್ಯಾಕ್‌ವೆಲ್ ಅವರು ಕ್ವೀನ್ಸ್‌ಬರೊ ಕಾರ್ಪೊರೇಷನ್ ಎಂಬ ರಿಯಲ್ ಎಸ್ಟೇಟ್ ಕಂಪನಿಯ ಪರವಾಗಿ ಬಂದಿದ್ದರು. ಮೈಕಿನ ಮುಂದಿನ ಆ ಹೊತ್ತಿಗೆ ಕಂಪನಿ ಕೊಟ್ಟ ಬಾಡಿಗೆ 50 ಡಾಲರ್. ರೇಡಿಯೊದ ಮೊದಲ ಕಾಸು ಕೊಟ್ಟ ಜಾಹೀರಾತೆಂದು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ರೇಡಿಯೊದಲ್ಲಿ ಮಾರಾಟಕ್ಕೆ ಬಂದ ಮೊದಲ ಸರಕು ಸೋಪಲ್ಲ, ಸಿಗರೇಟಲ್ಲ, ಫ್ಲ್ಯಾಟು. ಇಂದು ಪಾಡ್‌ಕಾಸ್ಟಿನಲ್ಲಿ ಕೂತು ಮನೆಸಾಲ, ಮೆಟ್ರೊ, ಬಡಾವಣೆಗಳ ಬಗ್ಗೆ ಆಪ್ತವಾಗಿ ಮಾತಾಡುವ ಬಿಲ್ಡರುಗಳ ವಂಶಾವಳಿ ಆ ಸಂಜೆಯಿಂದ ಶುರುವಾಗುತ್ತದೆ.

ಡಬ್ಲ್ಯೂಇಎಎಫ್ ದೂರವಾಣಿ ಕಂಪನಿ ಎಟಿ&ಟಿಯ ಕೇಂದ್ರ. ದೂರವಾಣಿಯಲ್ಲಿ ಟ್ರಂಕ್ ಕಾಲ್ ಮಾಡುವವನು ನಿಮಿಷಕ್ಕಿಷ್ಟು ಎಂದು ಕೊಡುತ್ತಾನೆ. ಹಾಗೆಯೇ ಊರಿಗೆಲ್ಲ ಕೇಳುವಂತೆ ಮಾತಾಡಬಯಸುವವನೂ ಕೊಡಲಿ ಎಂಬುದು ಅವರ ಲೆಕ್ಕ. ಇದಕ್ಕೆ ಅವರಿಟ್ಟ ಹೆಸರು 'ಟೋಲ್ ಬ್ರಾಡ್‌ಕಾಸ್ಟಿಂಗ್', ಸುಂಕ ಕೊಟ್ಟು ಮಾಡುವ ಪ್ರಸಾರ. ಆ ವರ್ಷದ ಆರಂಭದಲ್ಲೇ ವಾಣಿಜ್ಯ ಸಚಿವ ಹರ್ಬರ್ಟ್ ಹೂವರ್, ಇಂಥ ಅಪೂರ್ವ ಸಾಧನ ಜಾಹೀರಾತಿನ ಹರಟೆಯಲ್ಲಿ ಮುಳುಗಬಾರದೆಂದು ಎಚ್ಚರಿಸಿದ್ದರು. ಮನೆಯ ನಡುಮನೆಗೆ ಕರೆಯದೆ ಬಂದು ವ್ಯಾಪಾರ ಮಾಡುವುದು ಅಸಭ್ಯ ಎಂಬ ಭಾವನೆ ಹಲವರಲ್ಲಿತ್ತು. ಬ್ಲ್ಯಾಕ್‌ವೆಲ್ ಹಾಥಾರ್ನ್ ಹೆಸರು ಹಿಡಿದು ಬಂದದ್ದರ ಪ್ರಯೋಜನ ಇಲ್ಲಿದೆ. ಮಾರಾಟ ಉಪನ್ಯಾಸದ ಪಂಚೆ ಉಟ್ಟುಕೊಂಡು ಬಂತು. ಮುಂದಿನ ದಿನಗಳಲ್ಲೂ ಕಂಪನಿಯ ಮಾತು ಪ್ರಸಾರವಾಯಿತು. ಇದರ ಫಲವಾಗಿ 1,27,000 ಡಾಲರಿನಷ್ಟು ಮಾರಾಟವಾಯಿತು ಎಂಬ ಲೆಕ್ಕ ಪ್ರಸಾರ ಚರಿತ್ರೆಗಳಲ್ಲಿ ಸಿಗುತ್ತದೆ.

'ಬ್ರಾಡ್‌ಕಾಸ್ಟ್' ಎಂಬುದು ಮೂಲದಲ್ಲಿ ರೈತರ ಪದ: ಬೀಜವನ್ನು ಕೈಯಿಂದ ಎರಚಿ ಬಿತ್ತುವುದು. ಕನ್ನಡದ 'ಬಿತ್ತರ'ಕ್ಕೂ 'ಬಿತ್ತು'ವಿಗೂ ಸಂಬಂಧವಿದೆ ಅನ್ನಿಸುತ್ತದೆ. ಆದರೆ 'ಬಿತ್ತರ' ಸಂಸ್ಕೃತದ 'ವಿಸ್ತರ'ದಿಂದ ಬಂದದ್ದು, 'ಬಿತ್ತು' ಅಚ್ಚ ದ್ರಾವಿಡ. ಹೋಲಿಕೆ ಕಾಕತಾಳೀಯವಾದರೂ ಅರ್ಥ ಮಾತ್ರ ಚೆನ್ನಾಗಿ ಕೂಡುತ್ತದೆ. ಎರಚಿದ ಬೀಜ ಹೊಲದಲ್ಲೂ ಬೀಳುತ್ತದೆ, ಬದುವಿನಲ್ಲೂ ಬೀಳುತ್ತದೆ. ಬ್ಲ್ಯಾಕ್‌ವೆಲ್ ಅವರ ಮಾತು ರೇಡಿಯೊ ಇದ್ದ ಎಲ್ಲರಿಗೂ ಕೇಳಿಸಿತು. ಆದರೆ ಮನೆ ಎಲ್ಲರಿಗೂ ಇರಲಿಲ್ಲ.

ಹಾಥಾರ್ನ್ ಕೋರ್ಟ್ ಇದ್ದದ್ದು ಕ್ವೀನ್ಸ್ ಭಾಗದ ಜ್ಯಾಕ್ಸನ್ ಹೈಟ್ಸ್‌ನಲ್ಲಿ. 1909ರಲ್ಲಿ ಕ್ವೀನ್ಸ್‌ಬರೊ ಸೇತುವೆ ತೆರೆದು ಮ್ಯಾನ್‌ಹಟನ್ ಹತ್ತಿರವಾದಾಗ, ಎಡ್ವರ್ಡ್ ಮ್ಯಾಕ್‌ಡೂಗಲ್ ನೇತೃತ್ವದಲ್ಲಿ ಕಂಪನಿ ಅಲ್ಲಿನ ಹೊಲಗಳನ್ನು ಕೊಳ್ಳತೊಡಗಿತು. 1917ರಲ್ಲಿ ರೈಲು ಬಂತು. ಮನೆಗಳ ಬೆನ್ನಿಗೆ ಹಂಚಿಕೊಂಡು ಬಳಸುವ ವಿಶಾಲ ತೋಟಗಳಿದ್ದವು. ವಾಸವಿದ್ದವರೇ ಒಡೆಯರಾಗುವ ಸಹಕಾರಿ ಪದ್ಧತಿಯಿತ್ತು. ಒಳ್ಳೆಯ ಯೋಜನೆ, ಒಳ್ಳೆಯ ಕಟ್ಟಡಗಳು. ಆದರೆ ಕಂಪನಿ ಯಹೂದಿಗಳಿಗೂ ಕಪ್ಪು ಜನರಿಗೂ ಮನೆ ಕೊಡುತ್ತಿರಲಿಲ್ಲ. ಸಮುದಾಯ ಜೀವನ, ಸ್ನೇಹದ ವಾತಾವರಣ ಎಂಬ ಭರವಸೆ ಮಾತ್ರ ರೇಡಿಯೊದಲ್ಲಿ ಕೇಳಿಸಿತು. ಆ ಸಮುದಾಯದಲ್ಲಿ ಯಾರಿರಬಹುದು, ಯಾರಿರಬಾರದು ಎಂಬುದು ತೀರ್ಮಾನವಾಗುತ್ತಿದ್ದದ್ದು ಕಂಪನಿಯ ಕಚೇರಿಯಲ್ಲಿ.

ಮನೆಯ ಸುತ್ತಲಿನ ಇಂಥ ಬೇಲಿ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಆದರೆ ಬೇಲಿಗಳೆಲ್ಲ ಒಂದೇ ಬಗೆಯವೂ ಅಲ್ಲ. 1915ರಲ್ಲಿ, ಜ್ಯಾಕ್ಸನ್ ಹೈಟ್ಸ್‌ನ ಸಹಕಾರಿ ಮನೆಗಳಿಗೂ ಮೊದಲೇ, ಶ್ರೀಪಾದ ಸುಬ್ಬರಾವ್ ತಲಮಕಿ ಅವರ ಮುಂದಾಳತ್ವದಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತ್ತು. ಕೆನರಾ ಕರಾವಳಿಯ ಮೂಲದವರು ಪರವೂರಿನಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿಕೊಂಡ ಸೂರು ಅದು. ಹೊರಗಿನಿಂದ ಬಂದವರು ತಮಗಾಗಿ ಹಾಕಿಕೊಂಡ ಬೇಲಿಗೂ, ಊರಿನ ಜಮೀನನ್ನೆಲ್ಲ ಹಿಡಿದ ಕಂಪನಿ ಹಾಕಿದ ಬೇಲಿಗೂ ವ್ಯತ್ಯಾಸವಿದೆ. ಆದರೂ ಒಳಗಿರುವವರಿಗೆ ಆಸರೆಯಾಗಿ ಕಂಡದ್ದು ಬಾಗಿಲಲ್ಲಿ ನಿಂತವರಿಗೆ ತಡೆಯಾಗಿ ಕಾಣುತ್ತದೆ. 2005ರಲ್ಲಿ ಅಹಮದಾಬಾದಿನ ಜೊರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ, ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸಿದ ಉಪವಿಧಿಯನ್ನು ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಮೆರಿಕದಲ್ಲಿ ಜನಾಂಗದ ಆಧಾರದ ಮೇಲೆ ಮನೆ ಮಾರಾಟವನ್ನು ತಡೆಯುವ ಕರಾರುಗಳನ್ನು ಕೋರ್ಟುಗಳು ಜಾರಿಗೊಳಿಸಬಾರದೆಂಬ ತೀರ್ಪು 1948ರಲ್ಲೂ, ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ತಾರತಮ್ಯ ಮಾಡಬಾರದೆಂಬ ಕಾನೂನು 1968ರಲ್ಲೂ ಬಂದಿದ್ದವು.

ಇತ್ತ ರೇಡಿಯೊ ತನ್ನ ದಾರಿ ಹಿಡಿಯಿತು. 1926ರಲ್ಲಿ ಡಬ್ಲ್ಯೂಇಎಎಫ್ ಕೈಬದಲಾಗಿ ಎನ್‌ಬಿಸಿ ಜಾಲದ ಮುಖ್ಯ ಕೇಂದ್ರವಾಯಿತು. ಜಾಹೀರಾತೇ ಅಮೆರಿಕದ ರೇಡಿಯೊಗೆ ಅನ್ನವಾಯಿತು. ನಮ್ಮಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂದದ್ದು 1967ರ ನವೆಂಬರಿನಲ್ಲಿ, ಮುಂಬಯಿ, ಪುಣೆ, ನಾಗಪುರಗಳಿಂದ.

'ಪಾಡ್‌ಕಾಸ್ಟಿಂಗ್' ಎಂಬ ಪದ ಮೊದಲು ಅಚ್ಚಾದದ್ದು 2004ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್ಲಿ ಬರೆದ ಲೇಖನದಲ್ಲಿ. ಮರುವರ್ಷ ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸ್‌ನಲ್ಲಿ ಜಾಗ ಕೊಟ್ಟಿತು. ರಿಯಲ್ ಎಸ್ಟೇಟ್ ಅದರ ಬೆಲೆ ಅರಿಯಲು ಬಹಳ ಕಾಲ ಬೇಕಾಗಲಿಲ್ಲ. ಆಸ್ತಿಯಲ್ಲಿ ಹಣ ಹೂಡುವುದನ್ನೇ ವಿಷಯವಾಗಿಸಿಕೊಂಡ ಅಮೆರಿಕದ 'ಬಿಗ್ಗರ್‌ಪಾಕೆಟ್ಸ್' ಪಾಡ್‌ಕಾಸ್ಟ್ 2013ರಲ್ಲಿ ಶುರುವಾಗಿ ದೊಡ್ಡ ಕೇಳುಗ ಬಳಗವನ್ನು ಕಟ್ಟಿತು.

ರೇಡಿಯೊದ್ದು ಎರಚು ಬಿತ್ತನೆಯಾದರೆ ಪಾಡ್‌ಕಾಸ್ಟಿನದು ಕೂರಿಗೆ ಬಿತ್ತನೆ. ಕೂರಿಗೆಯ ಬೀಜ ಸಾಲಿನಲ್ಲೇ ಬೀಳುತ್ತದೆ, ಪೋಲಾಗುವುದು ಕಡಿಮೆ. ಸೋಪು ಮಾರುವವನಿಗೆ ಲಕ್ಷ ಕಿವಿ ಬೇಕು. ಇಪ್ಪತ್ತು ಫ್ಲ್ಯಾಟುಗಳ ಕಟ್ಟಡ ಮಾರುವವನಿಗೆ ಬೇಕಾದದ್ದು, ಅದೇ ಪ್ರದೇಶದಲ್ಲಿ ಮನೆ ಹುಡುಕುತ್ತಿರುವ ಕೆಲವೇ ಜನ. ಅವರು ತಾವಾಗಿಯೇ ಹುಡುಕಿಕೊಂಡು ಬಂದು, ಇಯರ್‌ಫೋನ್ ಹಾಕಿಕೊಂಡು, ಲೋಕಲ್ ಟ್ರೇನಿನಲ್ಲೋ ಟ್ರಾಫಿಕ್ಕಿನಲ್ಲೋ ಅರ್ಧ ಗಂಟೆ ಕೇಳುತ್ತಾರೆ. ಹತ್ತು ಸಂಚಿಕೆ ಕೇಳಿದ ಮೇಲೆ ಆ ದನಿ ಪರಿಚಯದವರ ದನಿ. ಖಾತೆ, ನೋಂದಣಿ, ಕಾರ್ಪೆಟ್ ಏರಿಯಾ ಇವನ್ನೆಲ್ಲ ಬಿಡಿಸಿ ಹೇಳುವವರ ಮೇಲೆ ನಂಬಿಕೆ ಬರುವುದು ಸಹಜ. ಆ ತಿಳಿವಳಿಕೆ ಎಷ್ಟೋ ಸಲ ನಿಜಕ್ಕೂ ಉಪಯುಕ್ತ. ಹಾಥಾರ್ನ್ ಬಗ್ಗೆ ಹೇಳಿದ್ದೂ ಸುಳ್ಳೇನಾಗಿರಲಿಲ್ಲ. ಆದರೆ ತಿಳಿವಳಿಕೆ ಎಲ್ಲಿ ಮುಗಿದು ಮಾರಾಟ ಎಲ್ಲಿ ಶುರುವಾಯಿತು ಎಂಬ ಗೆರೆ ಆಪ್ತ ದನಿಯಲ್ಲಿ ಕಾಣಿಸುವುದಿಲ್ಲ.

ಭಾರತದಲ್ಲಿ ಈ ಗೆರೆ ಎಳೆಯಲು 2016ರ ರೇರಾ ಕಾಯ್ದೆ ಇದೆ. ಅದರ ಪ್ರಕಾರ ಜಾಹೀರಾತು ಎಂದರೆ ಯಾವುದೇ ಮಾಧ್ಯಮದಲ್ಲಿ, ಯಾವುದೇ ರೂಪದಲ್ಲಿ ಮಾಡಿದ ಪ್ರಚಾರ. ನೋಂದಣಿ ಅಗತ್ಯವಿರುವ ಯೋಜನೆಗೆ ಅದಾಗುವ ಮೊದಲು ಪ್ರಚಾರ ಮಾಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ವೆಬ್‌ಸೈಟ್ ವಿಳಾಸವೂ ಇರಬೇಕು. ಜಾಹೀರಾತಿನ ಸುಳ್ಳು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಪ್ರವರ್ತಕರು ಪರಿಹಾರ ಕೊಡಬೇಕು. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್ 1ರಿಂದ ಜಾಹೀರಾತುಗಳಲ್ಲಿ ಕ್ಯೂಆರ್ ಕೋಡ್ ಕಡ್ಡಾಯ. ಕಣ್ಣಿಗೆ ಕಾಣುವ ಜಾಹೀರಾತಿಗೆ ಇದು ಒಳ್ಳೆಯ ಉಪಾಯ. ಆದರೆ ಕಿವಿಯಿಂದ ಕೋಡನ್ನು ಸ್ಕ್ಯಾನ್ ಮಾಡಲಾಗದು. ಹೀಗಾಗಿ ಕೇಳುಗರೇ ಸಂಖ್ಯೆ ಕೇಳಿ ಪಡೆಯಬೇಕು, ರೇರಾ ವೆಬ್‌ಸೈಟಿನಲ್ಲಿ ನೋಡಬೇಕು, ಮಾತು ಕೊಟ್ಟ ಸಂಚಿಕೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕು. ಸಂಚಿಕೆ ಅಳಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭ. ಇಷ್ಟಾದರೂ ನಕ್ಷೆ, ಅಳತೆ, ಗಡುವುಗಳ ಭರವಸೆ ಮಾತ್ರ ಪರೀಕ್ಷೆಗೆ ಸಿಗುತ್ತದೆ. ಮನೆ ಯಾರಿಗೆ ಕೊಡುತ್ತಾರೆ, ಯಾರಿಗೆ 'ಈಗಷ್ಟೇ ಬುಕ್ ಆಯಿತು' ಎನ್ನುತ್ತಾರೆ ಎಂಬುದು ಹೆಸರು, ಊರು, ಅಡುಗೆಮನೆಯ ವಿಚಾರ ಕೇಳಿದ ಮೇಲಷ್ಟೇ ತಿಳಿಯುತ್ತದೆ.

ಜ್ಯಾಕ್ಸನ್ ಹೈಟ್ಸ್‌ನ ಬೇಲಿ ಉಳಿಯಲಿಲ್ಲ. 1929ರ ನಂತರದ ಆರ್ಥಿಕ ಕುಸಿತ ಕಂಪನಿಯನ್ನು ಹಣ್ಣುಮಾಡಿತು. ಮಹಾಯುದ್ಧದ ನಂತರ ಯಹೂದಿ ಕುಟುಂಬಗಳು ಬಂದವು. 1965ರ ವಲಸೆ ಕಾನೂನು ಏಷ್ಯಾದವರಿಗೆ ದಾರಿ ತೆರೆಯಿತು. ಇಂದು ಅಲ್ಲಿನ 74ನೇ ಬೀದಿಯಲ್ಲಿ ಸೀರೆ ಅಂಗಡಿ, ಚಿನ್ನದ ಅಂಗಡಿ, ಪಟೇಲ್ ಬ್ರದರ್ಸ್ ದಿನಸಿ ಅಂಗಡಿಗಳಿವೆ. ಕರಿಬೇವು, ಬೆಂಡೆಕಾಯಿ ಸಿಗುತ್ತವೆ. ಬ್ಲ್ಯಾಕ್‌ವೆಲ್ ಅವರ ಮಾತಿನ ಪಠ್ಯ ಅಚ್ಚಿನಲ್ಲಿ ಉಳಿದಿದೆ. ಗಾಳಿ, ಬೆಳಕು, ತೋಟ, ಒಳ್ಳೆಯ ನೆರೆ ಎಲ್ಲವೂ ಅದರಲ್ಲಿವೆ. ಬರಬಾರದವರ ಪಟ್ಟಿ ಒಂದು ಮಾತ್ರ ಅದರಲ್ಲಿಲ್ಲ.